ಬಿರುಕಿನ ದಾರಿ

ಬೇಸಗೆಯ ಕೊನೆಯಲ್ಲಿ ಆಳಂದ, ಅಫಜಲಪುರಗಳ ಎರೆಹೊಲಗಳಲ್ಲಿ ನಡೆಯುವವನು ನೆಲವನ್ನು ನೋಡಿಯೇ ಹೆಜ್ಜೆಯಿಡಬೇಕು. ಮಳೆಗಾಲದಲ್ಲಿ ನೀರುಂಡು ಉಬ್ಬಿದ ಕರಿಮಣ್ಣು ಒಣಗಿ ಕುಗ್ಗಿ, ಕಾಲು ಸಿಲುಕುವಷ್ಟು ಅಗಲವಾಗಿ ಬಾಯಿ ಬಿಟ್ಟಿರುತ್ತದೆ. ಆ ಬಿರುಕುಗಳಿಗೆ ದಿಕ್ಕಿನ ಪಕ್ಷಪಾತವಿಲ್ಲ. ಮಣ್ಣು ಅಡ್ಡಉದ್ದ ಹೆಚ್ಚುಕಡಿಮೆ ಒಂದೇ ಸಮನಾಗಿ ಕುಗ್ಗುವುದರಿಂದ ಅವು ಎತ್ತೆತ್ತಲೋ ಹರಿದು, ಒಂದನ್ನೊಂದು ಕೂಡಿ, ಹೊಲವನ್ನು ಹಲವು ಕೋನಗಳ ಹೆಂಟೆಗಳನ್ನಾಗಿ ಒಡೆಯುತ್ತವೆ.

ಜೇವರ್ಗಿಯ ಮನೆಗಳಲ್ಲಿ ಹಾಸಿರುವ ಶಹಾಬಾದಿ ಪರಸಿಕಲ್ಲಿನ ಸ್ವಭಾವವೇ ಬೇರೆ. ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿಬಂದ ಸುಣ್ಣಗಲ್ಲು ಅದು. ಪದರದ ಸಂಧಿಯಲ್ಲಿ ಉಳಿಯಿಟ್ಟು ಹೊಡೆದರೆ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಅಡ್ಡಲಾಗಿ ಹೊಡೆದರೆ ಸುಲಭವಾಗಿ ಮಣಿಯದು. ಉಳಿ ದಿಕ್ಕು ತಪ್ಪಿತೆಂದರೆ ಕಲ್ಲೂ ಕೆಟ್ಟಿತು, ಕಲ್ಲುಕುಟಿಗನ ಕೂಲಿಯೂ ಹೋಯಿತು.

ಕೈ ಬಲ್ಲ ಈ ಸಂಗತಿಗೆ ಲೆಕ್ಕದ ರೂಪ ದೊರೆತದ್ದು ಬಹಳ ತಡವಾಗಿ. ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿಯು, ಹೊಸ ಮೇಲ್ಮೈಗಳನ್ನು ನಿರ್ಮಿಸಲು ತಗಲುವ ಶಕ್ತಿಗೆ ಸಾಟಿಯಾದಾಗಲೇ ಬಿರುಕು ಮುಂದೆ ಸಾಗುತ್ತದೆಂದು ಇಂಗ್ಲೆಂಡಿನ ಗ್ರಿಫಿತ್ ಎಂಬ ಎಂಜಿನಿಯರು 1920ರಲ್ಲಿ ಪ್ರತಿಪಾದಿಸಿದನು. ಗಾಜಿನಲ್ಲಿ ಈ ವೆಚ್ಚ ಎಲ್ಲ ದಿಕ್ಕಿಗೂ ಒಂದೇ. ಪದರಗಲ್ಲಿನಲ್ಲಿ, ಎಳೆಯುಳ್ಳ ಕಟ್ಟಿಗೆಯಲ್ಲಿ ದಿಕ್ಕಿಗೊಂದು ವೆಚ್ಚ. ಒಟ್ಟು ಶಕ್ತಿ ಕನಿಷ್ಠವಾಗುವ ದಾರಿಯನ್ನು ಬಿರುಕು ಹಿಡಿಯುವುದೆಂಬ ಸೂತ್ರವನ್ನು 1998ರಲ್ಲಿ ಫ್ರಾಂಕ್‌ಫೋರ್ ಮತ್ತು ಮಾರಿಗೋ ಎಂಬ ವಿದ್ವಾಂಸರು ಮಂಡಿಸಿದರು. ಅಲ್ಲಿಂದೀಚೆಗೆ, ದಾರಿಯನ್ನು ಮೊದಲೇ ಗೆರೆಯೆಳೆದು ತೋರಿಸದೆ, ಗಣಕಯಂತ್ರದಿಂದಲೇ ಹುಡುಕಿಸುವ ವಿಧಾನಗಳು ಬೆಳೆದುಬಂದವು. ವಸ್ತುವನ್ನು ಸಣ್ಣ ಕಣ್ಣುಗಳ ಜಾಲರಿಯಾಗಿ ವಿಂಗಡಿಸಿ, ಕಣ್ಣು ಕಣ್ಣಿನ ಶಕ್ತಿಯನ್ನು ಕೂಡಿಸಿ ನೋಡುವುದೇ ಅದರ ಕ್ರಮ.

ಇದು ಕೇವಲ ಪಂಡಿತರ ಕುತೂಹಲವಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನದ ಹೊರಮೈಯ ಬಹುಭಾಗ ಇಂಗಾಲದ ಎಳೆಗಳ ಪದರಗಳಿಂದ ಆದುದು. ಅಂತಹ ಹಾಳೆಗೆ ಪೆಟ್ಟು ಬಿದ್ದರೆ ಹೊರಗೆ ಗೀರು ಕಾಣದಿದ್ದರೂ ಒಳಗೆ ಪದರ ಬಿಚ್ಚಿರಬಹುದು. ಅದು ಯಾವ ಕಡೆಗೆ, ಎಷ್ಟು ದೂರ ಹರಿದೀತೆಂದು ಅರಿಯುವುದರಲ್ಲಿ ಹಾರುವವನ ಪ್ರಾಣವಿದೆ.

ಆದರೆ ಯಂತ್ರವೂ ತಪ್ಪುವುದುಂಟು. ಜಾಲರಿಯನ್ನು ಒರಟಾಗಿ ಹೆಣೆದರೆ ಬಿರುಕು ವಸ್ತುವಿನ ಎಳೆಯನ್ನು ಬಿಟ್ಟು ಜಾಲರಿಯ ಗೆರೆಯನ್ನೇ ಹಿಡಿಯುತ್ತದೆ. ಪ್ರತಿಯೊಂದು ದಿಕ್ಕಿನ ವೆಚ್ಚವನ್ನು ನಿಜವಾದ ತುಂಡನ್ನು ಒಡೆದೇ ಅಳೆಯಬೇಕು. ಆ ಅಳತೆ ಸುಳ್ಳಾದರೆ ತೆರೆಯ ಮೇಲಿನ ಸುಂದರ ಚಿತ್ರವೂ ಸುಳ್ಳು.

ಒಂದು ಪರಸಿಯ ಚೂರು, ಒಂದು ಎರೆಹೆಂಟೆ ಶಾಲೆಯ ಮೇಜಿನ ಮೇಲೆ ಬಂದರೆ ಈ ಪಾಠದ ಅರ್ಧಭಾಗ ಮುಗಿದಂತೆಯೇ. ಕಲ್ಲುಕುಟಿಗನು ಸುತ್ತಿಗೆ ಎತ್ತುವ ಮೊದಲು ಬಂಡೆಯನ್ನು ಸುತ್ತಿ ನೋಡಿ ಪದರ ಹುಡುಕುತ್ತಾನೆ. ಗಣಕಯಂತ್ರದ ಮುಂದೆ ಕುಳಿತವನು ಮೊದಲು ಮಾಡಬೇಕಾದುದೂ ಅದನ್ನೇ.