ಬಿಕಾನೇರಿನ ಒಂಟೆಗಳೂ ಅವುಗಳ ರಕ್ತದ ಲೆಕ್ಕವೂ

ಬಿಕಾನೇರಿಗೆ ಹೋದವರು ಜುನಾಗಢ ಕೋಟೆ ನೋಡಿ, ಭುಜಿಯಾ ಕಟ್ಟಿಸಿಕೊಂಡು ರೈಲು ಹತ್ತುವುದೇ ಹೆಚ್ಚು. ನಾನು, ನನ್ನವಳು, ಮೊಮ್ಮಗಳು ಮೂವರೂ ಇನ್ನೊಂದು ಜಾಗಕ್ಕೆ ಹೋದೆವು. ಊರಿನಿಂದ ಸುಮಾರು 8 ಕಿ.ಮೀ. ದೂರದ ಜೋಡಬೀಡ್‌ನಲ್ಲಿ 1984ರಲ್ಲಿ ಶುರುವಾದ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರವಿದೆ. ಬಿಕಾನೇರಿ, ಜೈಸಲ್ಮೇರಿ, ಕಚ್ಛಿ, ಮೇವಾಡಿ ಎಂಬ ನಾಲ್ಕು ತಳಿಗಳನ್ನೂ ಅಲ್ಲಿ ಒಂದೇ ಕಡೆ ನೋಡಬಹುದು.

ಹೆಣ್ಣು ಒಂಟೆಗಳ ದೊಡ್ಡಿಯ ಬಳಿ ಒಬ್ಬ ಪಶುವೈದ್ಯರು ಒಂಟೆಯ ಕತ್ತಿನ ನಾಳದಿಂದ ರಕ್ತ ತೆಗೆಯುತ್ತಿದ್ದರು. "ಪಾಪ, ಅದಕ್ಕೆ ಹುಷಾರಿಲ್ವಾ ತಾತ?" ಎಂದಳು ಮೊಮ್ಮಗಳು. ನಾನು ನನ್ನ ಹರಕು ಹಿಂದಿಯಲ್ಲಿ ವಿಚಾರಿಸಿದೆ. ಅವರು ನಕ್ಕು, "ಹುಷಾರಾಗಿದೆ ಬಾಬೂಜಿ, ಗಬ್ಬವಾಗಿದೆ, ಅಷ್ಟೇ" ಎಂದರು. ಆಮೇಲೆ ಅವರು ಹೇಳಿದ್ದು ಮಕ್ಕಳಿಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ರಕ್ತದ ಕೆಂಪುಕಣಗಳು ದುಂಡಗಿವೆ. ಒಂಟೆಯವು ಮೊಟ್ಟೆಯಾಕಾರ. ಬಾಯಾರಿದ ಒಂಟೆ ಹತ್ತು ನಿಮಿಷದಲ್ಲಿ 100 ಲೀಟರ್‌ನಷ್ಟು ನೀರು ಕುಡಿಯಬಲ್ಲದು. ಆಗ ಈ ಕಣಗಳು ನೀರು ಹೀರಿ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತವೆ, ಆದರೂ ಒಡೆಯುವುದಿಲ್ಲ. ಒಂಟೆಯ ರಕ್ತದಲ್ಲಿ ಸಕ್ಕರೆಯೂ ಹಸುವಿನ ರಕ್ತಕ್ಕಿಂತ ಜಾಸ್ತಿ.

ಹೆಣ್ಣು ಒಂಟೆಯಲ್ಲಿ ಈ ಲೆಕ್ಕ ಸದಾ ಒಂದೇ ಸಮ ಇರುವುದಿಲ್ಲ. ಅದು ಮರಿಯನ್ನು ಸುಮಾರು 13 ತಿಂಗಳು ಹೊರುತ್ತದೆ. ಅಷ್ಟು ಕಾಲವೂ ಗರ್ಭವನ್ನು ಕಾಯುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ರಕ್ತದಲ್ಲಿ ಏರಿಯೇ ಇದ್ದು, ಈಯುವ ಹೊತ್ತಿಗೆ ಇಳಿಯುತ್ತದೆ. ಹೊಟ್ಟೆಯ ಮರಿ ಬೆಳೆದಂತೆ ತಾಯಿಯ ಸಕ್ಕರೆ, ಸುಣ್ಣದಂಶ, ಕಬ್ಬಿಣದಂಶಕ್ಕೆ ಪಾಲುದಾರರು ಇಬ್ಬರಾಗುತ್ತಾರೆ. ಈದ ಮೇಲೆ ಸುಣ್ಣದಂಶ ಹಾಲಿಗೆ ಹರಿಯುತ್ತದೆ. ಈಯುವ ಆಯಾಸಕ್ಕೆ ಬಿಳಿಕಣಗಳು ಏರುವುದೂ ಉಂಟು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಇದು ಬೇಗ ಅರ್ಥವಾಯಿತು. ತಿಂಗಳ ಮೊದಲ ವಾರದ ಬಾಕಿಯನ್ನೂ ಕೊನೆಯ ವಾರದ ಬಾಕಿಯನ್ನೂ ಒಂದೇ ಅಳತೆಯಲ್ಲಿ ನೋಡಿ, ಖಾತೆದಾರ ಬಡವನಾದ ಎನ್ನಲಾಗದು. ಒಂಟೆಯ ರಕ್ತದ ವರದಿಯೂ ಹಾಗೆಯೇ. ಅದು ಗಬ್ಬವೋ, ಕರೆಯುತ್ತಿದೆಯೋ, ಹಾಲು ಬತ್ತಿದೆಯೋ ಎಂದು ಕೇಳದೆ ಓದಿದರೆ, ಆರೋಗ್ಯವಾಗಿರುವುದಕ್ಕೆ ಔಷಧಿ ಕೊಟ್ಟು, ನಿಜವಾಗಿ ಬಳಲುತ್ತಿರುವುದನ್ನು ಬಿಟ್ಟುಬಿಡುವ ಅಪಾಯವಿದೆ.

ರಾಜಸ್ಥಾನದಲ್ಲಿ ತಲೆತಲಾಂತರದಿಂದ ಒಂಟೆ ಸಾಕುವವರು ರೈಕಾ ಜನ. ಅವರಿಗೆ ಪ್ರಯೋಗಾಲಯವಿಲ್ಲ, ಕಣ್ಣೇ ಸಾಕು. ಗಂಡು ಒಂಟೆ ಹತ್ತಿರ ಬಂದಾಗ ಹೆಣ್ಣು ಬಾಲ ಮೇಲೆತ್ತಿ ಸೆಟೆದು ನಿಂತರೆ, ಗಬ್ಬ ಕಟ್ಟಿದೆ ಎಂದು ತಿಳಿಯುತ್ತಾರೆ.

ಇಷ್ಟೆಲ್ಲ ಕಾಳಜಿ ಯಾಕೆ ಎನ್ನುತ್ತೀರಾ? 2012ರಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು. 2019ರ ಗಣತಿಯಲ್ಲಿ ಉಳಿದದ್ದು ಸುಮಾರು ಎರಡೂವರೆ ಲಕ್ಷ. ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿ ಎಂದು ಸಾರಿದರೂ ಇಳಿಕೆ ನಿಂತಿಲ್ಲ. ಹೆಣ್ಣು ಒಂಟೆ ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಮರಿ ಹಾಕುತ್ತದೆ. ಒಂದು ತಾಯಿ ಹೋದರೆ ಆ ನಷ್ಟ ತುಂಬಲು ವರ್ಷಗಳೇ ಬೇಕು.

ನೀವು ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಅದು ಮರಿಗಳು ಹುಟ್ಟುವ ಕಾಲ. ಅಲ್ಲಿಯ ಅಂಗಡಿಯಲ್ಲಿ ಒಂಟೆ ಹಾಲಿನ ಕುಲ್ಫಿ ಸಿಗುತ್ತದೆ. ಮೊಮ್ಮಗಳು ಎರಡು ತಿಂದಳು.