ಬೆನ್ನಿಗೆ ಬೆನ್ನು

ಸಿನಿಮಾದ ದುಷ್ಟರಿಗೆ ಗಂಟು ಹಾಕಲು ಬರುವುದಿಲ್ಲ. ಇದನ್ನು ಕಂಡುಹಿಡಿದವರು ನಮ್ಮ ತಾತ. ತಮಿಳುನಾಡಿನ ಸೇಲಂನಲ್ಲಿ ಕನ್ನಡ ಮಾತಿನ ದೇವಾಂಗ ನೇಕಾರರು ಅವರು. ಬೆಳಗಿನಿಂದ ಸಂಜೆವರೆಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹರಿದ ಎಳೆಗಳನ್ನು ಬೆರಳ ತುದಿಯಲ್ಲೇ ಹೊಸೆದು ಕೂಡಿಸುತ್ತಿದ್ದರು. ವರ್ಷಕ್ಕೆ ಒಂದೆರಡು ಸಲ ನಮ್ಮ ಕಾಟ ತಡೆಯಲಾರದೆ ಟಾಕೀಸಿಗೆ ಬರುತ್ತಿದ್ದರು. ನಾಯಕ ನಾಯಕಿಯರನ್ನು ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿಹಾಕಿ ದುಷ್ಟ ಗಹಗಹಿಸುತ್ತ ಹೊರಟಾಗ ಟಾಕೀಸಿಗೆ ಟಾಕೀಸೇ ಉಸಿರು ಬಿಗಿಹಿಡಿದಿರುತ್ತಿತ್ತು. ತಾತ ಮಾತ್ರ ಗೊಣಗುತ್ತಿದ್ದರು: "ಇದೂ ಒಂದು ಗಂಟಾ? ತುದಿ ಎಳುದ್ರೆ ಬಿಚ್ಕತದೆ!"

ಅಂಥ ಚಿತ್ರಗಳು ಎಲ್ಲೋ ಮದರಾಸಿನಿಂದ ಬರುತ್ತಿದ್ದವು ಅಂದುಕೊಳ್ಳಬೇಡಿ. ನಮ್ಮೂರಲ್ಲೇ, ಏರ್ಕಾಡು ಬೆಟ್ಟದ ರಸ್ತೆಯಲ್ಲೇ ತಯಾರಾಗುತ್ತಿದ್ದವು. ಟಿ.ಆರ್. ಸುಂದರಂ 1935ರಲ್ಲಿ ಶುರುಮಾಡಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೊ ಅದು. ಸೆಟ್ಟು, ಬಡಗಿ, ದರ್ಜಿ, ಕವಿ, ನಟ ಎಲ್ಲರೂ ಒಂದೇ ಕಾಂಪೌಂಡಿನಲ್ಲಿ. ತಿಂಗಳ ಸಂಬಳ, ಗಡಿಯಾರದ ಶಿಸ್ತು. ಸೆರೆಯ ಕಥೆಗಳೆಂದರೆ ಅವರಿಗೆ ಪ್ರೀತಿ ಎಂದು ಕಾಣುತ್ತದೆ. 1940ರ 'ಉತ್ತಮ ಪುತ್ತಿರನ್' ಚಿತ್ರದಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ, ಮುಖಕ್ಕೆ ಕಬ್ಬಿಣದ ಮುಸುಕು. ಇಬ್ಬರೂ ಪಿ.ಯು. ಚಿನ್ನಪ್ಪನವರೇ, ತಮಿಳಿನ ಮೊದಲ ದ್ವಿಪಾತ್ರ ಅದು. 1956ರಲ್ಲಿ ಬಣ್ಣದಲ್ಲಿ ಬಂದ 'ಅಲಿಬಾಬಾವುಂ 40 ತಿರುಡರ್‌ಗಳುಂ' ಚಿತ್ರದಲ್ಲಿ ದುಷ್ಟನ ಮನೆ ಒಂದು ಗುಹೆ. ಅಲಿಬಾಬಾನ ಅಣ್ಣ ಖಾಸಿಮ್ ಅದರೊಳಗೆ ಹೋಗಿ ಬಾಗಿಲು ತೆರೆಯುವ ಮಾತನ್ನೇ ಮರೆತುಬಿಡುತ್ತಾನೆ. ಕಟ್ಟಿದವರಿಲ್ಲ, ಕಾವಲಿಲ್ಲ, ಸುತ್ತ ಬಂಗಾರದ ರಾಶಿ, ಬಾಯಿಗೆ ಬಾರದ ಒಂದೇ ಒಂದು ಮಾತು. ಆ ಖಾಸಿಮನಷ್ಟು ನನ್ನನ್ನು ಹೆದರಿಸಿದ ಸೆರೆಯಾಳು ಇನ್ನೊಬ್ಬನಿಲ್ಲ. ಕಳ್ಳರ ಸರದಾರನಾಗಿ ನಟಿಸಿದವರು ನಗುವಿಗೇ ಹೆಸರಾಗಿದ್ದ ಪಿ.ಎಸ್. ವೀರಪ್ಪ. ನಮ್ಮ ಜಿಲ್ಲೆಗಳಲ್ಲಿ 'ವೀರಪ್ಪ' ಎಂದರೆ ಆಗ ಬರೀ ನಗು.

ನಾನು ಚಿತ್ರ ನೋಡುವ ವಯಸ್ಸಿಗೆ ಬಂದಾಗ ನಟ ಜೈಶಂಕರ್ ಕಾಲ. 'ವಲ್ಲವನ್ ಒರುವನ್', 'ಇರು ವಲ್ಲವರ್‌ಗಳ್', 'ಸಿ.ಐ.ಡಿ. ಶಂಕರ್' ಎಲ್ಲ ನನ್ನ ತಲೆಯಲ್ಲಿ ಕಲಸಿ ಒಂದೇ ದೊಡ್ಡ ಬಂಗಲೆಯಾಗಿ ಉಳಿದಿವೆ. ಸುತ್ತು ಮೆಟ್ಟಿಲು, ಗೋಡೆಯ ಮೇಲೆ ಹುಲಿಯ ತಲೆ, ಅದರ ಕಿವಿ ತಿರುಗಿಸಿದರೆ ಸರಿಯುವ ಕಪಾಟು. ಸೆರೆಯಾಳುಗಳ ಕೋಣೆಯಲ್ಲಿ ಕೈಗೆಟುಕುವಷ್ಟು ಹತ್ತಿರ ಒಂದು ಗಾಜಿನ ದೀಪ ಇರಲೇಬೇಕು. ಮೇಲೊಂದು ಗವಾಕ್ಷಿ, ನಾಯಕನ ಭುಜದ ಅಳತೆಗೆ ಸರಿಯಾಗಿ. ಹಾರಿದರೆ ಬೀಳಲು ಕೆಳಗೆ ಹುಲ್ಲಿನ ಮೆದೆ. ಕಾವಲಿನವನಿಗೆ ಇಸ್ಪೀಟಿನ ಹುಚ್ಚು. ದುಷ್ಟನಿಗೋ ಸರಿಯಾಗಿ ಆ ಹೊತ್ತಿಗೇ ಬೇರೆಲ್ಲೋ ಕೆಲಸ. ಈಗ ಯೋಚಿಸಿದರೆ, ಏರ್ಕಾಡು ರಸ್ತೆಯ ಆ ಬಡಗಿಗಳು ಸೆರೆಮನೆ ಕಟ್ಟುತ್ತಲೇ ಇರಲಿಲ್ಲ; ಮೊದಲು ಗವಾಕ್ಷಿ ಮಾಡಿ, ಆಮೇಲೆ ಅದರ ಸುತ್ತ ಮನೆ ಎಬ್ಬಿಸುತ್ತಿದ್ದರು.

ಬೇಸಿಗೆ ರಜೆಗೆ ಬೆಂಗಳೂರಿನಿಂದ ಅತ್ತೆಯ ಮಗ ಬರುತ್ತಿದ್ದ. ಅವನು ರಾಜ್‌ಕುಮಾರ್ ಕಡೆಯವನು. 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999', ಎರಡನ್ನೂ ನೋಡಿ ಬಾಯಿಪಾಠ ಮಾಡಿದ್ದ. ಜೈಶಂಕರ್ ಬೇಗ ತಪ್ಪಿಸಿಕೊಳ್ಳುತ್ತಾನೋ ರಾಜ್‌ಕುಮಾರೋ ಎಂಬುದು ನಮ್ಮ ಜಗಳ. ತೀರ್ಮಾನಕ್ಕೆ ನನ್ನ ಅಣ್ಣ ದುಷ್ಟನಾಗಲು ಒಪ್ಪಿದ. ತಾತ ಒಳಗೆ ಇಟ್ಟಿದ್ದ ಹಾಸಿನ ನೂಲು ತಂದು, ನಾಲ್ಕೆಂಟು ಎಳೆ ಸೇರಿಸಿ ಹುರಿ ಮಾಡಿ, ನಮ್ಮಿಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ ಮಣಿಕಟ್ಟಿಗೆ ಮಣಿಕಟ್ಟು ಬಿಗಿದ. ಅವನೂ ನೇಕಾರನ ಮೊಮ್ಮಗ, ಗಂಟು ಸಿನಿಮಾದ್ದಾಗಿರಲಿಲ್ಲ. ವೀರಪ್ಪನ ಹಾಗೆ ನಕ್ಕು ಕೋಣೆಯ ಅಗುಳಿ ಹಾಕಿದ. ಆಚೆ ಯಾರೋ ಗೋಲಿ ಆಡಲು ಕರೆದರು. ಹೋದ. ನಮ್ಮನ್ನು ಮರೆತ.

ಮೊದಲ ಹತ್ತು ನಿಮಿಷ ನಾವು ವೀರರು. ಒಟ್ಟಿಗೆ ಎದ್ದು ನಿಲ್ಲಲು ನೋಡಿದೆವು, ಒಟ್ಟಿಗೇ ಬಿದ್ದೆವು. ತೆವಳಿಕೊಂಡು ಮೂಲೆಯ ಒರಳುಕಲ್ಲಿನವರೆಗೆ ಹೋಗಿ ಹುರಿಯನ್ನು ಅದರ ಅಂಚಿಗೆ ಉಜ್ಜಿದೆವು. ಗಂಜಿ ಕುಡಿದ ನೂಲು, ಒಂದೆಳೆಯೂ ಸವೆಯಲಿಲ್ಲ. ನಾನು ಕೈ ಬಿಡಿಸಿಕೊಳ್ಳಲು ಎಳೆದರೆ ಅವನು "ಅಯ್ಯೋ" ಎನ್ನುತ್ತಿದ್ದ. ಅವನು ಎಳೆದರೆ ನನ್ನ ಮಣಿಕಟ್ಟು ಕೊಯ್ಯುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣುವಂತಿಲ್ಲ, ಬೈಗುಳ ಮಾತ್ರ ಕೇಳುತ್ತದೆ. "ನಿನ್ ಜೈಶಂಕರ್ ಎಲ್ಲೋ?" "ನಿನ್ ಒಂಬೈನೂರ ತೊಂಬತ್ತೊಂಬತ್ತು ಎಲ್ಲಿ ಸತ್ತ?" ಕೊನೆಗೆ ಇಬ್ಬರೂ ಅಳುವ ದನಿ ಕೇಳಿ ಅವ್ವ ಅಗುಳಿ ತೆಗೆದಳು. ನೋಡಿದವಳೇ ಕತ್ತರಿ ತರಲು ಓಡಿದಳು.

"ಕತ್ತರಿ ಮುಟ್ಟಬೇಡ" ಎಂದು ತಾತ ಮಗ್ಗದ ಗುಂಡಿಯಿಂದಲೇ ಕೂಗಿದರು. ನೂಲು ಸೊಸೈಟಿಯದು, ತೂಕದ ಲೆಕ್ಕ ಒಪ್ಪಿಸಬೇಕು. ಮೊಮ್ಮಕ್ಕಳ ಮಣಿಕಟ್ಟಿಗೆ ಲೆಕ್ಕವಿಲ್ಲ. ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. "ಇಬ್ರೂ ಕೈ ಸಡ್ಲ ಬುಡಿ. ನೀ ಎಳುದ್ರೆ ಅವನ್ದು ಬಿಗೀತದೆ, ಅವ ಎಳುದ್ರೆ ನಿನ್ದು." ಕಾಲು ಗಂಟೆ ಹಿಡಿಯಿತು. ಒಂದೆಳೆಯೂ ತುಂಡಾಗಲಿಲ್ಲ. ಬಿಚ್ಚಿದ ನೂಲನ್ನು ಕೈಗೆ ಸುತ್ತಿಕೊಂಡು ಎದ್ದುಹೋದರು. ಅಣ್ಣನಿಗೆ ಬಿದ್ದ ಏಟಿನ ವಿಚಾರ ಇಲ್ಲಿ ಬೇಡ.

2000ದ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ಗಾಜನೂರಿನ ಅವರದೇ ಮನೆಯಿಂದ ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದ. ಗಾಜನೂರು ಇರುವುದು ನಮ್ಮ ತಮಿಳುನಾಡಿನಲ್ಲೇ, ಈರೋಡ್ ಜಿಲ್ಲೆಯ ತಾಳವಾಡಿ ಕಡೆ. ಜೊತೆಯಲ್ಲಿ ಅಳಿಯ ಗೋವಿಂದರಾಜು, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ ಮರಡಗಿ. ಮರುದಿನ ಬೆಂಗಳೂರಿನಿಂದ ಅತ್ತೆಯ ಮಗನ ಫೋನು. ನಾನು ಇಲ್ಲಿ ಕನ್ನಡದವನಲ್ಲವೇ, ಅದಕ್ಕೆ "ಹುಷಾರು" ಎಂದ. ಬೆಂಗಳೂರಿನ ಶ್ರೀರಾಂಪುರದಲ್ಲಿ ಮಗಳನ್ನು ಕೊಟ್ಟಿದ್ದ ನಮ್ಮ ಎದುರುಮನೆಯ ತಮಿಳಿನವರೂ ಅದೇ ಹೊತ್ತಿಗೆ ಅದೇ ಮಾತನ್ನು ಫೋನಿನಲ್ಲಿ ಕೂಗಿ ಹೇಳುತ್ತಿದ್ದರು. ಅಲ್ಲಿ ಥಿಯೇಟರಿಗೆ ಬೀಗ ಬಿದ್ದರೆ ಇಲ್ಲಿ ಬಸ್ಸು ನಿಲ್ಲುತ್ತಿತ್ತು. ಅಲ್ಲಿ ಯಾರೋ ಎಳೆದರೆ ಇಲ್ಲಿ ನನ್ನ ಮಣಿಕಟ್ಟು. ಆ ದಿನಗಳಲ್ಲಿ ನಾವು ಮನೆಯೊಳಗೂ ಸ್ವಲ್ಪ ಸಣ್ಣ ದನಿಯಲ್ಲೇ ಕನ್ನಡ ಮಾತಾಡಿದೆವು.

ಸಿ.ಐ.ಡಿ. 999 ತಪ್ಪಿಸಿಕೊಳ್ಳುವುದು ಹೇಗೆ? ಗವಾಕ್ಷಿ ಇರಬೇಕಾದರೆ ಗೋಡೆ ಬೇಕು. ಈ ದುಷ್ಟನಿಗೆ ಮನೆಯೇ ಇಲ್ಲ. ದಿನಕ್ಕೊಂದು ಮರದಡಿ, ಮೇಲೊಂದು ಟಾರ್ಪಾಲು. ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದೇ ಇದೆ, ಹೋಗುವ ದಾರಿ ಮಾತ್ರ ಯಾವುದೂ ಅಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ನಾಗಪ್ಪ ತಪ್ಪಿಸಿಕೊಂಡು ಬಂದ ಸುದ್ದಿ ಕೇಳಿದಾಗ ನಮ್ಮ ಬೀದಿಯ ಹುಡುಗರು ಶಿಳ್ಳೆ ಹಾಕಿದರು. ನನಗೂ ಅರೆಗಳಿಗೆ ಟಾಕೀಸಿನ ಪುಳಕವೇ ಆಯಿತು. ಆಮೇಲೆ ಮಣಿಕಟ್ಟು ನೆನಪಾಯಿತು. ಅವರದು ಬಿಚ್ಚಿತು ಸರಿ, ಇನ್ನೂ ಅಲ್ಲೇ ಕೂತಿರುವವರದು? ಎಪ್ಪತ್ತು ದಾಟಿದ ಆ ಮಂಡಿನೋವಿನ ಹಿರಿಯರದು? ನಾಗಪ್ಪ ಮಾಡಿದ್ದು ತಪ್ಪು ಎನ್ನುವ ಅಧಿಕಾರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ನನಗಿಲ್ಲ. ಅವಕಾಶ ಕಂಡ ಕಾಲು ಓಡುತ್ತದೆ. ಆದರೆ ಆ ರಾತ್ರಿ ನಿದ್ದೆ ಬಾರಲಿಲ್ಲ ಎನ್ನುವುದೂ ನಿಜ.

ಅದಕ್ಕೂ ಮೂರು ವರ್ಷ ಹಿಂದೆ, 1997ರ ಅಕ್ಟೋಬರಿನಲ್ಲಿ, ಅದೇ ವೀರಪ್ಪನ್ ಬಂಡೀಪುರದಲ್ಲಿ ಕೃಪಾಕರ, ಸೇನಾನಿ ಎಂಬ ಇಬ್ಬರು ವನ್ಯಜೀವಿ ಛಾಯಾಗ್ರಾಹಕರನ್ನು ದೊಡ್ಡ ಅಧಿಕಾರಿಗಳೆಂದು ತಿಳಿದು ಹಿಡಿದಿದ್ದ. ಹದಿನಾಲ್ಕು ದಿನ. ಒಟ್ಟಿಗೇ ಹೋದವರು ಒಟ್ಟಿಗೇ ಬಂದರು. ಹುಲ್ಲಿನ ಮೆದೆಗೆ ಹಾರಲಿಲ್ಲ, ದೀಪ ಒಡೆಯಲಿಲ್ಲ. ಹಿಡಿದವರ ಜೊತೆ ಕಾಡಿನ ಪ್ರಾಣಿ ಪಕ್ಷಿಗಳ ಮಾತಾಡಿಕೊಂಡು ಕೂತಿದ್ದರು. ಇದನ್ನು ಜೈಶಂಕರ್‌ಗೆ ಕಥೆಯಾಗಿ ಹೇಳಿದ್ದರೆ ಕೈಮುಗಿದು ಕಳಿಸಿಬಿಡುತ್ತಿದ್ದರು. ರಾಜ್‌ಕುಮಾರ್ ಬಿಡುಗಡೆಯೂ ಅಷ್ಟೇ ನಿಧಾನದ್ದು. 'ನಕ್ಕೀರನ್' ಪತ್ರಿಕೆಯ ಗೋಪಾಲ್ ಕಾಡಿಗೆ ಹೋದರು, ಬಂದರು, ಮತ್ತೆ ಹೋದರು, ತಮಿಳು ಮುಖಂಡ ನೆಡುಮಾರನ್ ಹೋದರು. 108 ದಿನ ಕಳೆದು ನವೆಂಬರ್ 15ರಂದು ಅಣ್ಣಾವ್ರು ಹೊರಬಂದರು.

ವೀರಪ್ಪನ್ ಕಥೆ ಮುಗಿದದ್ದು ನಮ್ಮ ಪಕ್ಕದಲ್ಲೇ. 2004ರ ಅಕ್ಟೋಬರ್ 18ರ ರಾತ್ರಿ ಕಣ್ಣಿನ ಚಿಕಿತ್ಸೆಗೆಂದು ಕಾಡು ಬಿಟ್ಟು, ಸೇಲಂನ ಆಸ್ಪತ್ರೆಯದೆಂದು ಬರೆದಿದ್ದ ಆಂಬುಲೆನ್ಸ್ ಹತ್ತಿದ. ಓಡಿಸುತ್ತಿದ್ದವನು ಮಾರುವೇಷದ ಪೊಲೀಸು. ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಹತ್ತಿರ ವಿಶೇಷ ಕಾರ್ಯಪಡೆ ಕಾದಿತ್ತು. ಗಾಡಿ ನಿಂತಿತು, ಚಾಲಕ ಇಳಿದು ಓಡಿದ, ಒಳಗಿದ್ದ ವೀರಪ್ಪನ್ ಮತ್ತು ಮೂವರು ಸಹಚರರು ಉಳಿದರು, ಗುಂಡಿಗೆ ಸತ್ತರು. ಅಷ್ಟು ವರ್ಷ ಗೋಡೆಯಿಲ್ಲದೆ ಬದುಕಿದವನು ಕೊನೆಗೆ ಹತ್ತಿದ್ದು ನಾಲ್ಕು ಗೋಡೆಯ ಗಾಡಿ. ಅದಕ್ಕೆ ಗವಾಕ್ಷಿ ಇಟ್ಟ ಬಡಗಿ ಇರಲಿಲ್ಲ. ಮೆಟ್ಟೂರು ಬಳಿಯ ಮೂಲಕ್ಕಾಡಿನಲ್ಲಿ ಹೂಳಿದರು. ಅದು ನಮ್ಮದೇ ಜಿಲ್ಲೆ.

ಮಾಡರ್ನ್ ಥಿಯೇಟರ್ಸ್ ಅಷ್ಟು ಹೊತ್ತಿಗೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಸುತ್ತು ಮೆಟ್ಟಿಲು, ಹುಲಿಯ ತಲೆ, ಗುಹೆ ಯಾವುದೂ ಇಲ್ಲ. ಏರ್ಕಾಡು ರಸ್ತೆಯ ಬದಿಗೆ ಹೆಬ್ಬಾಗಿಲಿನ ಕಮಾನು ಮಾತ್ರ ನಿಂತಿದೆ. ಹೋದ ಸಲ ಮದುವೆಗೆಂದು ಬಂದ ಅತ್ತೆಯ ಮಗ ಅದನ್ನು ನೋಡಲೇಬೇಕೆಂದ. ಇಬ್ಬರಿಗೂ ಈಗ ಮಂಡಿನೋವು. ಆಟೋ ಇಳಿದು ಅವನು ಕಮಾನಿನ ಒಳಗೆ ನಾಲ್ಕು ಹೆಜ್ಜೆ ಹೋದ, ಅತ್ತಿತ್ತ ನೋಡಿದ, ಏನೂ ಕಾಣದೆ ವಾಪಸು ಬಂದ.

"ತಪ್ಪಿಸ್ಕೊಂಡೆ ಕಣೋ," ಎಂದ, ಮಣಿಕಟ್ಟು ಸವರಿಕೊಳ್ಳುತ್ತ.