ಗಾಲೆಯಲ್ಲಿ ಕಡಲಿಗೆ ಮುಖ ಮಾಡಿ

ಶ್ರೀಲಂಕೆಯ ನೈರುತ್ಯ ಮೂಲೆಯಲ್ಲಿರುವ ಗಾಲೆ ಪಟ್ಟಣದ ಹೆಸರು ಕನ್ನಡಿಗರ ಕಿವಿಗೆ ಬಿದ್ದಿರುವುದು ಹೆಚ್ಚಾಗಿ ಕ್ರಿಕೆಟ್ ವೀಕ್ಷಕ ವಿವರಣೆಯಿಂದ. 2010ರ ಜುಲೈನಲ್ಲಿ ಮುತ್ತಯ್ಯ ಮುರಳೀಧರನ್ ಭಾರತದ ವಿರುದ್ಧ ತಮ್ಮ 800ನೇ ಟೆಸ್ಟ್ ವಿಕೆಟ್ ಪಡೆದದ್ದು ಇಲ್ಲಿಯ ಮೈದಾನದಲ್ಲಿ. ಟೀವಿಯಲ್ಲಿ ಆಟ ನೋಡಿದವರಿಗೆ ಮೈದಾನದ ಹಿಂದಿನ ಕಪ್ಪು ಕೋಟೆ ಗೋಡೆ, ಅದರ ಮೇಲೆ ಕುಳಿತು ಪುಕ್ಕಟೆಯಾಗಿ ಪಂದ್ಯ ನೋಡುವ ಜನ ನೆನಪಿರಬಹುದು. ಆದರೆ ಗಾಲೆಗೆ ಕ್ರಿಕೆಟ್ಟಿಗಿಂತ ಹಳೆಯದಾದ ಇನ್ನೊಂದು ಕಥೆ ಇದೆ. ಅದು ಕಡಲಿನ ಮಗ್ಗುಲಲ್ಲಿ ಮನುಷ್ಯ ಹೇಗೆ ಮನೆ ಮಾಡಿಕೊಳ್ಳಬೇಕು ಎಂಬ ಕಥೆ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಅಲ್ಲಿಂದ ಗಾಲೆಗೆ ಸುಮಾರು 120 ಕಿಲೋಮೀಟರ್. 2011ರಲ್ಲಿ ಆರಂಭವಾದ ಹೆದ್ದಾರಿಯಲ್ಲಿ ಹೋದರೆ ಬೇಗ ತಲುಪಬಹುದು. ಆದರೆ ಸಮಯವಿದ್ದವರು ರೈಲು ಹಿಡಿಯುವುದೇ ಒಳ್ಳೆಯದು. ಹಳಿಗಳು ಅನೇಕ ಕಡೆ ಕಡಲಿಗೆ ಎಷ್ಟು ಹತ್ತಿರವೆಂದರೆ, ತೆರೆದ ಕಿಟಕಿಯಿಂದ ಅಲೆಯ ತುಂತುರು ಮುಖಕ್ಕೆ ಸಿಡಿದೀತೇನೋ ಅನ್ನಿಸುತ್ತದೆ. ಎಡಕ್ಕೆ ತೆಂಗಿನ ತೋಪು, ಬಲಕ್ಕೆ ನೀಲಿ ನೀರು. ನಮ್ಮ ಕರಾವಳಿಯವರಿಗೆ ಊರಿಗೇ ಬಂದಂತಾಗುತ್ತದೆ.

ಕತ್ತಲಿನಿಂದ ಬೆಳಕಿಗೆ

ಗಾಲೆ ಪೇಟೆಗೆ ಇನ್ನೆರಡು ಕಿಲೋಮೀಟರ್ ಇರುವಾಗ, ಕೊಲಂಬೊ ರಸ್ತೆಯ ಬದಿಯಲ್ಲಿ ದಡೆಲ್ಲ ಎಂಬ ಜಾಗದಲ್ಲಿ ಒಂದು ಬಂಡೆಗುಡ್ಡ ಕಡಲಿನೊಳಕ್ಕೆ ಚಾಚಿಕೊಂಡಿದೆ. ಅದರ ಮೇಲಿರುವುದು ಜೆಟ್‌ವಿಂಗ್ ಲೈಟ್‌ಹೌಸ್ ಹೋಟೆಲು. ಇದನ್ನು ರೂಪಿಸಿದವರು ಶ್ರೀಲಂಕೆಯ ಪ್ರಸಿದ್ಧ ವಾಸ್ತುಶಿಲ್ಪಿ ಜೆಫ್ರಿ ಬಾವಾ (1919-2003). ವಕೀಲಿಕೆ ಕಲಿತು, ಅದನ್ನು ಬಿಟ್ಟು, ನಲವತ್ತರ ಹೊಸ್ತಿಲಲ್ಲಿ ವಾಸ್ತುಶಿಲ್ಪಿಯಾದ ಬಾವಾ ಶ್ರೀಲಂಕೆಯ ಸಂಸತ್ ಭವನವನ್ನೂ ವಿನ್ಯಾಸಗೊಳಿಸಿದವರು. ಗಾಲೆಯ ಈ ಹೋಟೆಲು 1997ರಲ್ಲಿ ಪೂರ್ಣಗೊಂಡಿತು.

ರಸ್ತೆಯಿಂದ ನೋಡಿದರೆ ಇಲ್ಲಿ ಐಷಾರಾಮದ ಯಾವ ಗುರುತೂ ಕಾಣುವುದಿಲ್ಲ. ಕೋಟೆಯ ಬಾಗಿಲಿನಂಥ ದಪ್ಪ ಗೋಡೆಯ ಒಂದು ಪ್ರವೇಶ, ಒಳಗೆ ಅರೆಗತ್ತಲೆ. ಅಲ್ಲಿಂದ ಮೇಲಕ್ಕೆ ಒಂದು ಸುರುಳಿ ಮೆಟ್ಟಿಲು. ಅದರ ಕಟಕಟೆಯ ಉದ್ದಕ್ಕೂ ಲೋಹದಲ್ಲಿ ಮಾಡಿದ ಯೋಧರು ಈಟಿ, ಕತ್ತಿ ಹಿಡಿದು ಹೋರಾಡುತ್ತ ಹತ್ತುತ್ತಾರೆ. 1630ರಲ್ಲಿ ರಂದೆನಿವೆಲ ಎಂಬಲ್ಲಿ ಸಿಂಹಳೀಯರಿಗೂ ಪೋರ್ಚುಗೀಸರಿಗೂ ನಡೆದ ಕದನದ ಚಿತ್ರಣವದು. ಮಾಡಿದವರು ಕಲಾವಿದ ಲಕಿ ಸೇನಾನಾಯಕ. ಆ ಯುದ್ಧದಲ್ಲಿ ಪೋರ್ಚುಗೀಸ್ ಸೇನಾಪತಿ ಕಾನ್‌ಸ್ಟಂಟಿನೊ ದ ಸಾ ಹತನಾದ. ಯುದ್ಧದ ನಡುವೆ ಹಾದು ಮೆಟ್ಟಿಲು ಮುಗಿಸಿದ ಅತಿಥಿಯ ಕಣ್ಣಿಗೆ ಒಮ್ಮೆಲೇ ಬೀಳುವುದು ತೆರೆದ ಜಗಲಿ, ಕಂಬಗಳು, ಅವುಗಳ ಆಚೆ ಹಿಂದೂ ಮಹಾಸಾಗರ. ಬಾಗಿಲಿಲ್ಲ, ಗಾಜಿಲ್ಲ. ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ.

ಕಡಲನ್ನು ಮೊದಲು ಬಚ್ಚಿಟ್ಟು ಆಮೇಲೆ ತೋರಿಸುವ ಜಾಣತನ ಇದು. ಜೊತೆಗೆ ಇನ್ನೊಂದು ಲೆಕ್ಕಾಚಾರವೂ ಇದೆ. ಅಗಲವಾದ ಸೂರು ಬಿಸಿಲನ್ನೂ ಮಳೆಯನ್ನೂ ತಡೆಯುತ್ತದೆ. ತೆರೆದ ಜಗಲಿಯಲ್ಲಿ ಗಾಳಿ ಸರಾಗವಾಗಿ ಹಾಯುವುದರಿಂದ ಮಧ್ಯಾಹ್ನದಲ್ಲೂ ಫ್ಯಾನು ಬೇಕೆನಿಸುವುದಿಲ್ಲ. ನಮ್ಮ ಹಳೆಯ ತೊಟ್ಟಿ ಮನೆಗಳನ್ನು ಕಟ್ಟಿದವರಿಗೂ ಈ ಭೌತಶಾಸ್ತ್ರ ತಿಳಿದಿತ್ತು.

ಕೋಣೆಯ ಕಿಟಕಿ ತೆರೆದರೆ ರಾತ್ರಿಯಿಡೀ ಅಲೆಯ ಮೊರೆತ. ಈ ಸದ್ದಿಗೆ ಕಾರಣವುಂಟು. ಗಾಲೆಯಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅಂಟಾರ್ಕ್ಟಿಕದವರೆಗೆ ನೆಲವೇ ಸಿಗದು. ದಕ್ಷಿಣದ ಮಹಾಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ತಡೆಯಿಲ್ಲದೆ ಸಾಗಿ ಇಲ್ಲಿ ಬಂಡೆಗೆ ಅಪ್ಪಳಿಸುತ್ತವೆ. ಆಳ ಕಡಿಮೆಯಾದಲ್ಲಿ ಅಲೆಯ ವೇಗ ತಗ್ಗುತ್ತದೆ. ಹಾಗಾಗಿ ಅಲೆ ಬಾಗಿ, ಚಾಚಿಕೊಂಡ ಬಂಡೆಗಳ ಸುತ್ತ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತದೆ. ಒಳಕ್ಕೆ ಸರಿದ ಕೊಲ್ಲಿಗಳಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಹೋಟೆಲಿನ ಎದುರಿನ ಕಡಲು ನೋಡುವುದಕ್ಕೆ, ಈಜುವುದಕ್ಕಲ್ಲ. ಈಜಲು ಒಳಗೆ ಕೊಳಗಳಿವೆ. ಕಡಲಲ್ಲೇ ಇಳಿಯಬೇಕೆನ್ನುವವರು ಗಾಲೆಯ ಆಚೆಗಿರುವ ಉನವಟುನ ಕೊಲ್ಲಿಗೆ ಹೋಗುತ್ತಾರೆ. ಅದರ ಪಕ್ಕದ ರುಮಸ್ಸಲ ಗುಡ್ಡ, ಹನುಮಂತ ಸಂಜೀವಿನಿ ಪರ್ವತ ಹೊತ್ತು ತರುವಾಗ ಕಳಚಿ ಬಿದ್ದ ತುಂಡು ಎಂದು ಅಲ್ಲಿಯ ಜನರ ನಂಬಿಕೆ.

ಬೆಳಗಿನ ತಿಂಡಿಯ ಮೇಜಿನ ಬಳಿ ಕನ್ನಡಿಗ ಅಪರಿಚಿತನಲ್ಲ. ಒತ್ತು ಶಾವಿಗೆಯನ್ನು ಅಲ್ಲಿ ಇಂದಿ ಆಪ್ಪ ಎನ್ನುತ್ತಾರೆ. ಕಾಯಿಹಾಲಿನಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸಿದ ಅನ್ನ ಕಿರಿಬತ್. ಮಡಕೆಯಲ್ಲಿ ಹೆಪ್ಪಾದ ಎಮ್ಮೆ ಮೊಸರಿನ ಮೇಲೆ ಕಿತುಲ್ ಪಾಕ ಸುರಿದುಕೊಂಡು ತಿನ್ನುತ್ತಾರೆ. ಕಿತುಲ್ ಎಂದರೆ ನಮ್ಮ ಮಲೆನಾಡಿನ ಬೈನೆ ಮರ. ಹೋಟೆಲಿನ ಊಟದ ಸಾಲೆಗಳಲ್ಲಿ ಒಂದರ ಹೆಸರು ದಾಲ್ಚಿನ್ನಿಯದು, ಇನ್ನೊಂದರದು ಏಲಕ್ಕಿಯದು. ಮೆಟ್ಟಿಲಿನ ಮೇಲೆ ಹೊಡೆದಾಡುತ್ತಿರುವ ಯೋಧರ ಕಾಲದಲ್ಲಿ ಪರದೇಶಿಗಳನ್ನು ಈ ದ್ವೀಪಕ್ಕೆ ಎಳೆದು ತಂದದ್ದು ಮುಖ್ಯವಾಗಿ ಆ ದಾಲ್ಚಿನ್ನಿಯೇ.

ಗೋಡೆ ಕಟ್ಟಿದವರು

ಹೋಟೆಲಿನಲ್ಲಿ ಉಳಿದವರು ಒಂದು ದಿನವಾದರೂ ಆಟೋ ಹಿಡಿದು ಕೋಟೆಗೆ ಹೋಗಬೇಕು. ಗಾಲೆಯ ಬಂದರು ಅರಬರಿಗೂ ಚೀನೀಯರಿಗೂ ಮೊದಲೇ ಗೊತ್ತಿತ್ತು. 1409ರ ತೇದಿ ಇರುವ, ಚೀನೀ, ತಮಿಳು, ಪರ್ಷಿಯನ್ ಮೂರೂ ಭಾಷೆಗಳ ಒಂದು ಶಾಸನವನ್ನು ಚೀನದ ನೌಕಾಧಿಪತಿ ಝೆಂಗ್ ಹೆ ಇಲ್ಲಿಗೆ ತಂದಿದ್ದ. ಬುದ್ಧನಿಗೆ, ವಿಷ್ಣುವಿಗೆ, ಅಲ್ಲಾಹನಿಗೆ ಸಮನಾಗಿ ಕಾಣಿಕೆ ಸಲ್ಲಿಸಿದ ವಿವರ ಅದರಲ್ಲಿದೆ. ಆ ಕಲ್ಲು 1911ರಲ್ಲಿ ಮತ್ತೆ ಸಿಕ್ಕಿದಾಗ ಗಾಲೆಯ ಒಂದು ಮೋರಿಯ ಮುಚ್ಚಳವಾಗಿ ಬಿದ್ದಿತ್ತು! ಈಗ ಕೊಲಂಬೊ ವಸ್ತುಸಂಗ್ರಹಾಲಯದಲ್ಲಿದೆ.

1588ರಲ್ಲಿ ಪೋರ್ಚುಗೀಸರು ಇಲ್ಲಿ ಚಿಕ್ಕ ಕೋಟೆ ಕಟ್ಟಿದರು. 1640ರಲ್ಲಿ ಡಚ್ಚರು ಅದನ್ನು ಕಸಿದುಕೊಂಡು, ಕಡಲಿಗೆ ಚಾಚಿದ ಇಡೀ ಭೂಶಿರವನ್ನು ಗೋಡೆಯಿಂದ ಸುತ್ತುವರಿದರು. ಹಳೆಯ ಹೆಬ್ಬಾಗಿಲ ಒಳಮುಖದಲ್ಲಿ ಡಚ್ ಕಂಪೆನಿಯ ಲಾಂಛನ, 1669 ಎಂಬ ಇಸವಿ ಮತ್ತು ಒಂದು ಹುಂಜದ ಚಿತ್ರ ಇಂದಿಗೂ ಇವೆ. ಹೊರಮುಖದಲ್ಲಿ 1796ರಲ್ಲಿ ಬಂದ ಬ್ರಿಟಿಷರ ಲಾಂಛನ. ಒಂದೇ ಬಾಗಿಲಿನಲ್ಲಿ ಎರಡು ಸಾಮ್ರಾಜ್ಯ.

ಗೋಡೆಗೆ ಬಳಸಿದ್ದು ಕರಿಗಲ್ಲಿನೊಂದಿಗೆ ಹವಳದ ಕಲ್ಲನ್ನೂ. ಡಚ್ಚರ ಜಾಣತನ ನೆಲದಡಿಯಲ್ಲೂ ಇದೆ. ಬೀದಿಗಳ ಕೆಳಗೆ ಇಟ್ಟಿಗೆಯ ಚರಂಡಿಗಳ ಜಾಲ. ಭರತದ ಹೊತ್ತಿಗೆ ಕಡಲ ನೀರನ್ನು ಅವಕ್ಕೆ ನುಗ್ಗಿಸಿ ಕೊಳೆ ತೊಳೆಯುತ್ತಿದ್ದರು. ಅದಕ್ಕಾಗಿ ಟ್ರೈಟನ್ ಕೊತ್ತಲದ ಮೇಲೆ ಗಾಳಿಗಿರಣಿಯಿಂದ ನಡೆಯುವ ಪಂಪು ಇಟ್ಟಿದ್ದರು. ಗಾಲೆಯಲ್ಲಿ ಭರತ ಇಳಿತಗಳ ನಡುವಿನ ಅಂತರ ಒಂದು ಮೀಟರಿಗೂ ಕಡಿಮೆ. ಅಷ್ಟರಲ್ಲೇ ಊರನ್ನು ಶುಚಿಯಾಗಿಡುವ ಲೆಕ್ಕ ಹಾಕಿದ್ದರು. ಕಡಲನ್ನು ಹೊರಗಿಡಲು ಗೋಡೆ, ಬೇಕಾದಷ್ಟನ್ನೇ ಒಳಗೆ ಬಿಡಲು ಚರಂಡಿ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೊಲಂಬೊದಲ್ಲಿ ಅಲೆತಡೆ ಕಟ್ಟಿದ ಮೇಲೆ ಹಡಗುಗಳು ಬಂಡೆಗಳ ಭಯವಿದ್ದ ಗಾಲೆಯನ್ನು ಬಿಟ್ಟು ಅತ್ತ ತಿರುಗಿದವು. ಊರು ಬಡವಾಯಿತು. ಆ ಬಡತನದಿಂದಲೇ ಕೋಟೆ ಉಳಿಯಿತು. ಕೆಡವಿ ಹೊಸದು ಕಟ್ಟಲು ಯಾರಿಗೂ ಅವಸರವಿರಲಿಲ್ಲ. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಈಗಲೂ ಜನ ವಾಸಿಸುತ್ತಾರೆ. 1755ರ ಡಚ್ ಚರ್ಚು, ಮಸೀದಿ, ಬೌದ್ಧ ವಿಹಾರ, ಕೋರ್ಟು, ಶಾಲೆ ಎಲ್ಲ ಗೋಡೆಯೊಳಗಿವೆ. ಆದರೆ ಇತ್ತೀಚಿನ ದಶಕಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಹೊರಗಿನವರ ಕೈಸೇರಿ ದುಬಾರಿ ವಸತಿಗೃಹಗಳಾಗುತ್ತಿವೆ.

ಆ ಭಾನುವಾರ

2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಸುಮಾತ್ರಾ ಬಳಿ ಕಡಲ ತಳ ಸರಿದು 9.1 ಪ್ರಮಾಣದ ಭೂಕಂಪವಾಯಿತು. ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅದು ಗಂಟೆಗೆ 700 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಜೆಟ್ ವಿಮಾನದ ಓಟ. ಹತ್ತು ಮೀಟರ್ ಆಳಕ್ಕೆ ಬಂದಾಗ ಗಂಟೆಗೆ ಸುಮಾರು 36 ಕಿಲೋಮೀಟರ್. ಹಿಂದಿನ ನೀರು ಮುಂದಿನದರ ಮೇಲೆ ಒತ್ತರಿಸುವುದರಿಂದ ಎತ್ತರ ಬೆಳೆಯುತ್ತದೆ. ಗಾಲೆ ಇರುವುದು ಸುಮಾತ್ರಾಕ್ಕೆ ಬೆನ್ನು ಹಾಕಿದ ದಿಕ್ಕಿನಲ್ಲಿ. ಆದರೂ ಅಲೆ ದ್ವೀಪದ ದಕ್ಷಿಣ ತುದಿಯನ್ನು ಬಳಸಿ ಬಾಗಿ ಬಂತು. ಭೂಕಂಪಕ್ಕೂ ಅಲೆಗೂ ನಡುವೆ ಎರಡು ಗಂಟೆಗೂ ಮೀರಿದ ಬಿಡುವಿತ್ತು. ಹೇಳುವವರು ಯಾರೂ ಇರಲಿಲ್ಲ.

ಡಚ್ಚರ ಗೋಡೆ ತಡೆದು ನಿಂತಿತು. ಕೋಟೆಯೊಳಗಿನ ಊರು ಬಹುಮಟ್ಟಿಗೆ ಪಾರಾಯಿತು. ಗೋಡೆಯ ಹೊರಗಿನ ತಗ್ಗಿನಲ್ಲಿ, ಕ್ರಿಕೆಟ್ ಮೈದಾನ, ಬಸ್ ನಿಲ್ದಾಣ, ಪೇಟೆ ಇರುವ ಕಡೆ ನೀರು ನುಗ್ಗಿತು. ಬಸ್ಸುಗಳು ಆಟಿಕೆಗಳಂತೆ ತೇಲಿದವು. ಗಾಲೆಯ ಉತ್ತರಕ್ಕೆ ಪೆರಲಿಯ ಎಂಬಲ್ಲಿ ಕೊಲಂಬೊದಿಂದ ಬರುತ್ತಿದ್ದ ರೈಲನ್ನು ಅಲೆ ಹಳಿಯಿಂದ ಎತ್ತಿ ಒಗೆಯಿತು. ಅಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ಇಡೀ ಶ್ರೀಲಂಕೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಜೀವ ಕಳೆದುಕೊಂಡರು.

ವಿಜ್ಞಾನಿಗಳು ಆಮೇಲೆ ಈ ತೀರವನ್ನು ಅಳೆದಾಗ ಒಂದು ಸಂಗತಿ ಎದ್ದು ಕಂಡಿತು. ಪೆರಲಿಯದ ಎದುರು ಹವಳದ ದಿಬ್ಬಗಳನ್ನು ಜನ ವರ್ಷಗಳಿಂದ ಒಡೆದು ತೆಗೆದಿದ್ದರು. ಅಲ್ಲಿ ಅಲೆ ಒಳನಾಡಿಗೆ ಬಹುದೂರ ನುಗ್ಗಿತ್ತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಹಿಕ್ಕಡುವದಲ್ಲಿ ಹವಳಕ್ಕೆ ರಕ್ಷಣೆಯಿತ್ತು. ಅಲ್ಲಿ ಹಾನಿ ಬಹಳ ಕಡಿಮೆ. ಹವಳವನ್ನು ತೆಗೆಯುತ್ತಿದ್ದದ್ದು ಸುಣ್ಣಕ್ಕಾಗಿ. ಹವಳವೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಮನೆಯ ಗೋಡೆಗೆ ಬಳಿಯಲು ಕಡಲ ಗೋಡೆಯನ್ನೇ ಒಡೆದಂತಾಗಿತ್ತು. ಬಡವನ ಒಂದು ಹೊತ್ತಿನ ಗಂಜಿ ಅದರಲ್ಲಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಯಾರ ಕಡಲು?

2005ರಲ್ಲಿ ಅಲ್ಲಿಯ ಸರಕಾರ ಈ ತೀರದಲ್ಲಿ ನೀರಿನಿಂದ 100 ಮೀಟರ್ ಒಳಗೆ ಮನೆ ಕಟ್ಟಬಾರದೆಂದು ನಿಯಮ ಮಾಡಿತು. ಪೂರ್ವ ಮತ್ತು ಉತ್ತರದ ತೀರಗಳಿಗೆ 200 ಮೀಟರ್. ಪ್ರವಾಸೋದ್ಯಮದ ಕಟ್ಟಡಗಳಿಗೆ ಮಾತ್ರ ರಿಯಾಯಿತಿ. ದೋಣಿ, ಬಲೆಗಳ ಮಗ್ಗುಲಲ್ಲೇ ಇರಬೇಕಾದ ಮೀನುಗಾರ ದೂರ ಹೋಗಬೇಕು, ಕಡಲು ನೋಡಲು ಬರುವ ಅತಿಥಿ ದಡದಲ್ಲೇ ಇರಬಹುದು ಎಂಬ ಈ ಲೆಕ್ಕ ಜನರಿಗೆ ಒಪ್ಪಿಗೆಯಾಗಲಿಲ್ಲ. ಪ್ರತಿಭಟನೆಗಳಾದವು, ನಿಯಮ ಮುಂದೆ ಸಡಿಲವಾಯಿತು. ಆದರೆ ಪ್ರಶ್ನೆ ಸಡಿಲವಾಗಲಿಲ್ಲ. ಗಟ್ಟಿ ಬಂಡೆ, ಎತ್ತರದ ನೆಲ, ದಪ್ಪ ಗೋಡೆ ಇವನ್ನು ಕೊಳ್ಳುವ ಶಕ್ತಿ ಇದ್ದವನಿಗೆ ಕಡಲು ಒಂದು ನೋಟ. ಇಲ್ಲದವನಿಗೆ ಅದು ಅನ್ನ, ಮತ್ತು ಅಪಾಯ.

ಗಾಲೆಯ ಪೂರ್ವಕ್ಕೆ ಕೊಗ್ಗಲದ ಬಳಿ, ನೀರಿನಲ್ಲಿ ನೆಟ್ಟ ಕಂಬದ ಮೇಲೆ ಕುಳಿತು ಗಾಳ ಹಾಕುವ ಬೆಸ್ತರ ಚಿತ್ರವನ್ನು ಎಲ್ಲ ಪ್ರವಾಸಿ ಕೈಪಿಡಿಗಳಲ್ಲೂ ನೋಡಬಹುದು. ಇಂದು ಅವರಲ್ಲಿ ಅನೇಕರು ಕುಳಿತುಕೊಳ್ಳುವುದು ಮೀನಿಗಲ್ಲ, ಫೋಟೊ ತೆಗೆಯುವವರು ಕೊಡುವ ಹಣಕ್ಕೆ. ಅದನ್ನು ಮೋಸವೆಂದು ಹಳಿಯುವ ಪ್ರವಾಸಿಗರಿದ್ದಾರೆ. ಕಡಲಲ್ಲಿ ಮೀನಿಗಿಂತ ದಡದಲ್ಲಿ ಕ್ಯಾಮರಾ ಹೆಚ್ಚಾದರೆ ಬೆಸ್ತ ತಾನೇ ಏನು ಮಾಡಬೇಕು?

ಒಳ್ಳೆಯ ಬದಲಾವಣೆಯೂ ಆಗಿದೆ. ಸುನಾಮಿಯ ನಂತರ ಹಿಂದೂ ಮಹಾಸಾಗರಕ್ಕೆ ಮುನ್ನೆಚ್ಚರಿಕೆಯ ವ್ಯವಸ್ಥೆ ಬಂತು. ಆಸ್ಟ್ರೇಲಿಯ, ಇಂಡೊನೇಷ್ಯಗಳೊಂದಿಗೆ ಭಾರತವೂ ಅದರ ಹೊಣೆ ಹೊತ್ತಿದೆ. ನಮ್ಮ ಕೇಂದ್ರ ಇರುವುದು ಹೈದರಾಬಾದಿನಲ್ಲಿ. ಯಂತ್ರಗಳಿದ್ದರೂ ಶಾಲೆಯಲ್ಲಿ ಮಕ್ಕಳು ಕಲಿಯಬೇಕಾದ ಒಂದು ಪಾಠ ಉಳಿದೇ ಇದೆ. ಇಳಿತದ ಹೊತ್ತಲ್ಲದಿದ್ದರೂ ಕಡಲು ತಟ್ಟನೆ ಹಿಂದೆ ಸರಿದರೆ, ಬರಿದಾದ ತಳದಲ್ಲಿ ಚಿಪ್ಪು ಆಯಲು ಹೋಗಬಾರದು. ಎತ್ತರದ ಕಡೆ ಓಡಬೇಕು. 2004ರಲ್ಲಿ ಶ್ರೀಲಂಕೆಯ ತೀರದಲ್ಲಿ ನೋಡಲೆಂದು ಮುಂದೆ ಹೋದವರು ಎಷ್ಟೋ ಜನ.

ಲೈಟ್‌ಹೌಸ್ ಹೋಟೆಲಿನಲ್ಲಿ ಒಂದು ರಾತ್ರಿ ಕಳೆಯಲು ಮಧ್ಯಮ ವರ್ಗದ ನೌಕರನ ಹಲವು ದಿನಗಳ ಸಂಬಳ ಬೇಕು. ಹಣವಿದ್ದವರು ಖಂಡಿತ ಉಳಿಯಲಿ. ಬಾವಾರ ಕಟ್ಟಡ ಅದಕ್ಕೆ ಯೋಗ್ಯವೇ. ಇಲ್ಲದವರು ಚಿಂತಿಸಬೇಕಿಲ್ಲ. ಇಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸಂಜೆ ಆರರ ಆಸುಪಾಸಿನಲ್ಲಿ. ಆ ಹೊತ್ತಿಗೆ ಕೋಟೆಯ ಗೋಡೆಯ ಮೇಲೆ ಊರಿಗೆ ಊರೇ ನೆರೆಯುತ್ತದೆ. ಗಾಳಿಪಟ ಹಾರಿಸುವ ಹುಡುಗರು, ಒಂದೇ ಕೊಡೆಯಡಿ ಕುಳಿತ ಪ್ರೇಮಿಗಳು, ಹೆಗಲ ಮೇಲೆ ಮೊಮ್ಮಗನನ್ನು ಹೊತ್ತ ಅಜ್ಜ. ಬಂಡೆಗುಡ್ಡದ ಹೋಟೆಲಿನ ಜಗಲಿಯಿಂದ ಕಾಣುವ ಸೂರ್ಯನೇ ಅಲ್ಲಿಯೂ ಕಾಣುತ್ತಾನೆ, ಮತ್ತು ಅಲ್ಲಿ ಕುಳಿತುಕೊಳ್ಳಲು ಬಾಡಿಗೆ ಇಲ್ಲ.